ಫ್ರೆಂಚಿಗೆ ಕನ್ನಡದ ದಾರಿ

ಫ್ರೆಂಚ್ ಕಲಿಯಲು ಹೊರಟ ನಮ್ಮ ಹುಡುಗರು ಶುರುವಿನಲ್ಲೇ ಮಾಡುವ ತಪ್ಪೊಂದಿದೆ. ಹಸಿವಾಗಿದೆ ಎನ್ನಲು ‘ಝ ಸ್ವಿ ಫ್ಯಾಂ’ ಅನ್ನುತ್ತಾರೆ. ‘ನಾನು ಹಸಿವು’ ಎಂದ ಹಾಗಾಯಿತು. ಇಂಗ್ಲಿಷಿನ ‘ಐ ಯಾಮ್ ಹಂಗ್ರಿ’ಯನ್ನು ಪದಕ್ಕೆ ಪದ ಇಳಿಸಿದ್ದರ ಫಲ ಇದು. ಫ್ರೆಂಚರು ಹೇಳುವುದು ‘ಝೇ ಫ್ಯಾಂ’, ನನ್ನಲ್ಲಿ ಹಸಿವಿದೆ. ವಯಸ್ಸಿಗೂ ಹಾಗೆಯೇ: ‘ಝೇ ವ್ಯಾಂತಾಂ’, ನನಗೆ ಇಪ್ಪತ್ತು ವರ್ಷ. ಹಸಿವು, ಬಾಯಾರಿಕೆ, ಚಳಿ, ವಯಸ್ಸು ಎಲ್ಲವೂ ಅಲ್ಲಿ ನಾಮಪದಗಳು, ಮನುಷ್ಯನಿಗೆ ಇರುವಂಥವು. ಕನ್ನಡದಲ್ಲೂ ಅಷ್ಟೇ. ಅದೇ ಹುಡುಗ ಮನೆಯಲ್ಲಿ ಎಂದಾದರೂ ‘ಅಮ್ಮಾ, ನಾನು ಹಸಿವು’ ಎಂದಿದ್ದಾನೆಯೇ?

ನೆಲಮಂಗಲದಲ್ಲಿ ಕೂತು ಫ್ರೆಂಚಿನ ಮಾತೇಕೆ ಎನ್ನಬೇಡಿ. ಪಿಯುಸಿಯಲ್ಲಿ ಅಂಕ ಬೀಳುತ್ತದೆಂದು ಫ್ರೆಂಚ್ ತೆಗೆದುಕೊಳ್ಳುವ ಮಕ್ಕಳಿದ್ದಾರೆ. ಕೆನಡಾದ ಕನಸಿನವರೂ ಇದ್ದಾರೆ. ಫ್ರೆಂಚ್ ಬಲ್ಲವರನ್ನು ವಲಸೆಗೆ ಪ್ರತ್ಯೇಕವಾಗಿ ಕರೆಯುವ ಪದ್ಧತಿಯನ್ನು ಆ ದೇಶ 2023ರಲ್ಲಿ ಶುರುಮಾಡಿತು. 2024ರ ನವೆಂಬರ್ 7ರಂದು ಮೆಟ್ರೊ ಮಾದಾವರದವರೆಗೆ ಬಂದ ಮೇಲೆ ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್ ತರಗತಿಗೆ ಹೋಗಿಬರುವುದೂ ಮೊದಲಿನಷ್ಟು ತ್ರಾಸವಲ್ಲ. ಕೆನಡಾಕ್ಕೆ ಹೊರಟವರು ಮರೆಯಬಾರದ ಸಂಗತಿಯೊಂದಿದೆ. ‘ಡೆಲ್ಫ್’ ಪ್ರಮಾಣಪತ್ರ ಜೀವನಪರ್ಯಂತ ನಡೆಯುತ್ತದೆ ನಿಜ, ಆದರೆ ಕೆನಡಾದ ಕೇಂದ್ರ ಸರ್ಕಾರದ ವಲಸೆ ಅರ್ಜಿಗೆ ಅದು ನಡೆಯುವುದಿಲ್ಲ. ಅಲ್ಲಿ ‘ಟೆಫ್ ಕೆನಡಾ’ ಅಥವಾ ‘ಟಿಸಿಎಫ್ ಕೆನಡಾ’ ಪರೀಕ್ಷೆಯ ಫಲಿತಾಂಶ ಬೇಕು, ಅದರ ಆಯಸ್ಸು ಎರಡೇ ವರ್ಷ.

ಪಾಠ ನಡೆಯುವುದು ಇಂಗ್ಲಿಷ್ ಮೂಲಕ. ಶಬ್ದಗಳ ಮಟ್ಟಿಗೆ ಅದು ಒಳ್ಳೆಯದೇ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಸಾವಿರಾರು ಫ್ರೆಂಚ್ ಪದಗಳು ಇಂಗ್ಲಿಷಿಗೆ ಬಂದಿವೆ. ವಾಕ್ಯ ಕಟ್ಟುವಾಗ ಮಾತ್ರ ಅದೇ ಇಂಗ್ಲಿಷ್ ಕಾಲಿಗೆ ತೊಡರುತ್ತದೆ. ‘ಐದು ವರ್ಷದಿಂದ ನೆಲಮಂಗಲದಲ್ಲಿದ್ದೇನೆ’ ಎನ್ನಲು ಯಾವ ಕಾಲ ಹಾಕಬೇಕು ಎಂಬುದು ಕಲಿಯುವವರೆಲ್ಲರ ಪ್ರಶ್ನೆ. ಇಂಗ್ಲಿಷಿನ ‘ಹ್ಯಾವ್ ಬೀನ್’ ತಲೆಯಲ್ಲಿದ್ದವರು ಭೂತಕಾಲಕ್ಕೆ ಹಾರುತ್ತಾರೆ. ಫ್ರೆಂಚಿನಲ್ಲಿ ವರ್ತಮಾನಕಾಲವೇ ಸಾಕು, ಜೊತೆಗೆ ‘ದಪ್ವಿ’ ಎಂಬ ಪದ. ನಮ್ಮ ‘ಇದ್ದೇನೆ’ ಮತ್ತು ‘ಇಂದ’ ಮಾಡುವ ಕೆಲಸವೇ ಅದು. ಇನ್ನೊಂದು ಹೋಲಿಕೆ: ಮನೆ ‘ಕಟ್ಟುವುದು’ ಗಾರೆಯವನು, ‘ಕಟ್ಟಿಸುವುದು’ ಯಜಮಾನ. ಹೈಸ್ಕೂಲಿನಲ್ಲಿ ಪ್ರೇರಣಾರ್ಥಕ ಕ್ರಿಯಾಪದ ಎಂದು ಓದಿದ್ದು ಇದನ್ನೇ. ಕ್ರಿಯಾಪದದ ಹಿಂದೆ ‘ಫೇರ್’ ಇಟ್ಟರೆ ಫ್ರೆಂಚಿನಲ್ಲೂ ಅದೇ ಅರ್ಥ.

ಫ್ರೆಂಚಿನಲ್ಲಿ ‘ತು’ ಯಾರಿಗೆ, ‘ವು’ ಯಾರಿಗೆ? ‘ಯು’ ಒಂದರಲ್ಲೇ ಎಲ್ಲರನ್ನೂ ಮುಗಿಸುವ ಇಂಗ್ಲಿಷರು ಇದಕ್ಕೆ ಪುಟಗಟ್ಟಲೆ ವಿವರಣೆ ಓದಬೇಕು. ನೀನು-ನೀವುಗಳ ನಡುವೆ ಬೆಳೆದವರಿಗೆ ಅರ್ಧ ಗಳಿಗೆಯ ಪಾಠ. (ದೇವರನ್ನು ಮಾತ್ರ ಫ್ರೆಂಚರೂ ನಮ್ಮಂತೆ ಏಕವಚನದಲ್ಲೇ ಕರೆಯುತ್ತಾರೆ.) ಉಚ್ಚಾರಣೆಯಲ್ಲೂ ಕೈಲಿದ್ದುದನ್ನು ಬಿಟ್ಟು ಹೊರಗೆ ಹುಡುಕುತ್ತೇವೆ. ಫ್ರೆಂಚಿನ ‘ತ’ ಮತ್ತು ‘ದ’ ಹಲ್ಲಿಗೆ ತಾಗುವ ನಮ್ಮ ತ, ದಗಳೇ. ಇಂಗ್ಲಿಷಿನ ಅಭ್ಯಾಸದಿಂದ ಅವನ್ನು ಟ, ಡ ಮಾಡಿ, ಆಮೇಲೆ ಮೇಷ್ಟರ ಕೈಲಿ ತಿದ್ದಿಸಿಕೊಳ್ಳುತ್ತೇವೆ. ಬರೆದ ಅಕ್ಷರವನ್ನೆಲ್ಲ ಓದುವ ನಮ್ಮ ಚಾಳಿಯನ್ನಂತೂ ಬಿಡಲೇಬೇಕು. ಪದದ ಕೊನೆಯ ವ್ಯಂಜನ ಹೆಚ್ಚಾಗಿ ಮೌನ; ಮುಂದೆ ಸ್ವರ ಬಂದರೆ ಕೆಲವೊಮ್ಮೆ ಎದ್ದು ಬರುತ್ತದೆ. ಇಪ್ಪತ್ತು ಬರಿಯ ‘ವ್ಯಾಂ’, ಇಪ್ಪತ್ತು ವರ್ಷ ‘ವ್ಯಾಂತಾಂ’. ಸಂಧಿ ಓದಿದವರು ಇದಕ್ಕೆ ಗಾಬರಿಯಾಗಬೇಕಿಲ್ಲ.

ಲಿಂಗದ ವಿಚಾರಕ್ಕೆ ಬಂದರೆ ಕನ್ನಡವೂ ಕೈಚೆಲ್ಲುತ್ತದೆ. ಫ್ರೆಂಚಿನಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಯಾಕೆ ಎಂದು ಕೇಳಿದರೆ ಉತ್ತರವಿಲ್ಲ. ನಮ್ಮಲ್ಲಿ ಲಿಂಗ ಅರ್ಥವನ್ನು ಹಿಂಬಾಲಿಸುತ್ತದೆ, ಅವರಲ್ಲಿ ಪದಕ್ಕೆ ಅಂಟಿಕೊಂಡಿದೆ. ಹಿಂದಿಯಲ್ಲಿ ಪುಸ್ತಕವೂ ಸ್ತ್ರೀಲಿಂಗ, ಹಾಗಾಗಿ ಅದನ್ನು ನಂಬುವಂತಿಲ್ಲ. ಸಂಸ್ಕೃತದಲ್ಲಿ ಹೆಂಡತಿಗೆ ‘ಭಾರ್ಯಾ’ ಸ್ತ್ರೀಲಿಂಗ, ‘ದಾರ’ ಪುಲ್ಲಿಂಗ, ‘ಕಳತ್ರ’ ನಪುಂಸಕ. ಅದನ್ನು ಒಪ್ಪಿಕೊಂಡವರು ಇದನ್ನೂ ಒಪ್ಪಿಯಾರು. ಮೇಜನ್ನು ಬರಿಯ ‘ತಾಬ್ಲ್’ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳದೆ ‘ಲಾ ತಾಬ್ಲ್’ ಎಂದೇ ಬರೆಯಬೇಕು. ‘ಸಿಯೋಂ’ ಎಂದು ಮುಗಿಯುವವು ಬಹುತೇಕ ಸ್ತ್ರೀಲಿಂಗ, ‘ಆಝ್’ ಎಂದು ಮುಗಿಯುವವು ಬಹುತೇಕ ಪುಲ್ಲಿಂಗ. ಆದರೆ ಕಡಲತೀರದ ‘ಪ್ಲಾಝ್’, ಪುಟದ ‘ಪಾಝ್’, ಚಿತ್ರದ ‘ಇಮಾಝ್’ ಸ್ತ್ರೀಲಿಂಗ. ಇವನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡದೆ ಬೇರೆ ದಾರಿಯಿಲ್ಲ.