ನೊಣದ ಸಾಕ್ಷ್ಯ ಮತ್ತು ರಾತ್ರಿಭೋಜನ ತ್ಯಾಗ

ಕಳೆದ ವರ್ಷದ ದಶಲಕ್ಷಣ ಪರ್ವದಲ್ಲಿ, ಉತ್ತಮ ತಪ ಧರ್ಮದ ದಿನ, ನಮ್ಮೂರಿನ ಬಸದಿಯಲ್ಲಿ ತರುಣರೊಬ್ಬರು ರಾತ್ರಿಭೋಜನ ತ್ಯಾಗದ ಕುರಿತು ಉಪನ್ಯಾಸ ಮಾಡಿದರು. ಅಮೆರಿಕದ ಸಾಲ್ಕ್ ಸಂಸ್ಥೆಯ, ಒಡಿಶಾ ಮೂಲದ ವಿಜ್ಞಾನಿ ಸಚ್ಚಿದಾನಂದ ಪಾಂಡಾ ಮತ್ತು ಅವರ ಸಹೋದ್ಯೋಗಿಗಳು 2015ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದನ್ನು ಅವರು ಉತ್ಸಾಹದಿಂದ ವಿವರಿಸಿದರು. ಹಗಲಿನ 12 ಗಂಟೆಗಳಲ್ಲಿ ಮಾತ್ರ ಆಹಾರ ದೊರೆತ ಹಣ್ಣಿನ ನೊಣಗಳು, ಹಗಲಿರುಳೂ ಆಹಾರವಿದ್ದ ನೊಣಗಳಷ್ಟೇ ತಿಂದರೂ, ಅವುಗಳಿಗಿಂತ ಕಡಿಮೆ ತೂಕ ಗಳಿಸಿದವು; ಚೆನ್ನಾಗಿ ನಿದ್ರಿಸಿದವು; ವಯಸ್ಸಾದಾಗಲೂ ಅವುಗಳ ಹೃದಯ ಹೆಚ್ಚು ದೃಢವಾಗಿತ್ತು. ನಮ್ಮ ಆಚಾರ್ಯರು ಹೇಳಿದ್ದನ್ನು ವಿಜ್ಞಾನ ಇಂದು ಒಪ್ಪಿಕೊಂಡಿದೆ ಎಂದಾಗ ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಆಗ ಮುಂದಿನ ಸಾಲಿನಲ್ಲಿ ಕುಳಿತಿದ್ದ ವೃದ್ಧ ಶ್ರಾವಿಕೆಯೊಬ್ಬರು, "ಅಲ್ಲಪ್ಪಾ, ಹೃದಯ ದೃಢವಾಗಿದೆ ಅಂತ ಅವರಿಗೆ ಹೇಗೆ ತಿಳಿಯಿತು? ಆ ನೊಣಗಳು ಕೊನೆಗೆ ಏನಾದವು?" ಎಂದು ಕೇಳಿದರು. ತರುಣರು ಕ್ಷಣಕಾಲ ತಡವರಿಸಿ, "ಅದನ್ನು ನೋಡಿ ಹೇಳುತ್ತೇನೆ ಅಜ್ಜಿ" ಎಂದರು. ಮಂಗಳಾರತಿಯ ಹೊತ್ತಾಗಿದ್ದುದರಿಂದ ಮಾತು ಅಲ್ಲಿಗೇ ನಿಂತಿತು.

ಉಪನ್ಯಾಸವನ್ನು ಕಿರುಹೊತ್ತಗೆಯಾಗಿ ಅಚ್ಚು ಮಾಡಿಸಬೇಕೆಂದು ಟ್ರಸ್ಟಿನವರು ನಿಶ್ಚಯಿಸಿ, ಕರಡನ್ನು ತಿದ್ದುವ ಹೊಣೆಯನ್ನು ನನಗೆ ವಹಿಸದೇ ಇದ್ದಿದ್ದರೆ ನಾನೂ ಆ ಪ್ರಶ್ನೆಯನ್ನು ಮರೆಯುತ್ತಿದ್ದೆನೇನೋ. ಉತ್ತರಕ್ಕಾಗಿ ನನ್ನ ಸೋದರಿಯ ಮಗಳನ್ನು ಕೇಳಿದೆ. ಅವಳು ಪ್ರಾಣಿಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಇದೇ ನೊಣದೊಡನೆ ಕೆಲಸ ಮಾಡುವವಳು.

ಮಾವಿನ ಕಾಯಿಯನ್ನು ಕೊರೆದು ಕೆಡಿಸುವ ಹಣ್ಣುನೊಣ ಬೇರೆ, ಇದು ಬೇರೆ. ಮಾಗಿದ ಬಾಳೆಹಣ್ಣಿನ ತಟ್ಟೆಯ ಮೇಲೆ ಎಲ್ಲಿಂದಲೋ ಬಂದು ಸುಳಿಯುವ, ಕೆಂಪು ಕಣ್ಣಿನ, ಎಳ್ಳಿನ ಕಾಳಿಗಿಂತ ತುಸು ದೊಡ್ಡದಾದ ಜೀವಿ ಇದು. ವಿಜ್ಞಾನಿಗಳು ಇದನ್ನು ಡ್ರೊಸೊಫಿಲ ಎನ್ನುತ್ತಾರೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಅವರು 1910ರಲ್ಲಿ ಬಿಳಿಗಣ್ಣಿನ ನೊಣವೊಂದನ್ನು ಕಂಡು ಅನುವಂಶೀಯತೆಯ ಅಧ್ಯಯನಕ್ಕೆ ಹೊಸ ದಾರಿ ತೆರೆದರು; 1933ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿಯೂ ಈ ನೊಣದ ತಳಿಗಳನ್ನು ಕಾಪಾಡುವ ಕೇಂದ್ರವಿದೆ. ಅಲ್ಲಿ ಅವುಗಳಿಗೆ ಬೆಲ್ಲ ಮತ್ತು ಗೋಧಿ ರವೆಯನ್ನು ಬೇಯಿಸಿ, ಅಗರ್ ಸೇರಿಸಿ ಗಟ್ಟಿ ಮಾಡಿದ ಆಹಾರವನ್ನು ಕೊಡುತ್ತಾರೆ.

ಸ್ಥೂಲಕಾಯದ ಅಧ್ಯಯನಕ್ಕೆ ನೊಣವೇಕೆ ಎಂದು ನಾನು ಕೇಳಿದ್ದೆ. ನಮ್ಮಲ್ಲಿ ಯಕೃತ್ತು ಮತ್ತು ಕೊಬ್ಬಿನ ಅಂಗಾಂಶಗಳು ಮಾಡುವ ಕೆಲಸವನ್ನು ನೊಣದಲ್ಲಿ ಕೊಬ್ಬಿನ ಕಾಯವೆಂಬ ಒಂದೇ ಅಂಗ ಮಾಡುತ್ತದೆ. ಇನ್ಸುಲಿನ್ನನ್ನು ಹೋಲುವ ರಸವೂ ಅದರ ಮಿದುಳಿನ ಕೆಲವು ಕೋಶಗಳಲ್ಲಿ ಉತ್ಪತ್ತಿಯಾಗುತ್ತದೆ. ಸಕ್ಕರೆ ಹೆಚ್ಚಾದ ಆಹಾರ ಕೊಟ್ಟರೆ ಅದರ ಮರಿಹುಳುವಿಗೆ ನಮ್ಮ ಮಧುಮೇಹದಂತಹ ಸ್ಥಿತಿ ಬರುತ್ತದೆ. 2010ರಲ್ಲಿ ಕ್ಯಾಲಿಫೋರ್ನಿಯಾದ ಮತ್ತೊಂದು ಪ್ರಯೋಗಶಾಲೆಯವರು ಆಹಾರದಲ್ಲಿ ಕೊಬ್ಬರಿ ಎಣ್ಣೆ ಬೆರೆಸಿ ಕೊಟ್ಟಾಗ ನೊಣಗಳಲ್ಲಿ ಕೊಬ್ಬು ಸೇರಿ ಅವುಗಳ ಹೃದಯ ಕೆಟ್ಟಿತು. ಮೊಟ್ಟೆಯಿಂದ ರೆಕ್ಕೆಯ ನೊಣವಾಗಲು ಹತ್ತು ದಿನ ಸಾಕು. ಆಯುಸ್ಸು ಸುಮಾರು ಎರಡು ತಿಂಗಳು. ಮನುಷ್ಯನ ಇಡೀ ಜೀವಿತವನ್ನು ಒಂದು ಋತುವಿನಲ್ಲಿ ನೋಡಿ ಮುಗಿಸಿದಂತೆ.

ಇನ್ನು ಆ ಅಜ್ಜಿಯ ಪ್ರಶ್ನೆಗೆ ಉತ್ತರ. ಹೃದಯವನ್ನು ಪರೀಕ್ಷಿಸಬೇಕಾದರೆ ನೊಣಕ್ಕೆ ಮಂಪರು ಬರಿಸಿ, ದೇಹವನ್ನು ಬಿಡಿಸಿ, ಇನ್ನೂ ಮಿಡಿಯುತ್ತಿರುವ ಹೃದಯನಾಳವನ್ನು ಕ್ಯಾಮೆರಾದಿಂದ ಚಿತ್ರಿಸುತ್ತಾರೆ. ಕೊಬ್ಬನ್ನು ಅಳೆಯಬೇಕಾದರೆ ಹಲವು ನೊಣಗಳನ್ನು ಒಟ್ಟಿಗೆ ಅರೆಯುತ್ತಾರೆ. ಹಸಿವನ್ನು ಎಷ್ಟು ಕಾಲ ತಾಳುತ್ತವೆಂದು ತಿಳಿಯಬೇಕಾದರೆ, ನೀರಿನ ಅಂಶವನ್ನಷ್ಟೇ ಕೊಡುವ ಬರಿಯ ಅಗರ್ ಇರುವ ಸೀಸೆಗಳಲ್ಲಿಟ್ಟು, ಕೆಲವು ಗಂಟೆಗಳಿಗೊಮ್ಮೆ ಸತ್ತವನ್ನು ಎಣಿಸುತ್ತಾರೆ. ಬೇಡವಾದವನ್ನು ಎಣ್ಣೆ ಅಥವಾ ಮದ್ಯಸಾರವಿರುವ ಬಾಟಲಿಗೆ ತಟ್ಟುತ್ತಾರೆ. ಪ್ರಯೋಗಶಾಲೆಯ ಆಡುಮಾತಿನಲ್ಲಿ ಆ ಬಾಟಲಿಗೆ ಶವಾಗಾರವೆಂದೇ ಹೆಸರು. "ಮೊದಲ ವಾರ ಎಣಿಸುತ್ತಿದ್ದೆ ಮಾವ, ಆಮೇಲೆ ಬಿಟ್ಟುಬಿಟ್ಟೆ" ಎಂದಳು ಹುಡುಗಿ. ಅವಳ ಈ ಮಾತು ಕರಡನ್ನು ತಿದ್ದುವಾಗಲೆಲ್ಲ ನೆನಪಾಗುತ್ತಿತ್ತು. ಪ್ರಮಾದದಿಂದ ಕೂಡಿದ ಪ್ರಾಣಹರಣವೇ ಹಿಂಸೆ ಎಂದು ಉಮಾಸ್ವಾಮಿಗಳು ಲಕ್ಷಣ ಹೇಳಿದ್ದಾರೆ. ಎಣಿಸುವುದನ್ನು ಬಿಟ್ಟ ಆ ದಿನವೇ ಪ್ರಮಾದ ಒಳಹೊಕ್ಕಿತೇ?

ಆಗಮದ ಗಣನೆಯಲ್ಲಿ ನೊಣ ಚತುರಿಂದ್ರಿಯ ಜೀವ, ತ್ರಸ ಜೀವ. (ಗಂಡು ನೊಣವು ರೆಕ್ಕೆಯನ್ನು ಕಂಪಿಸಿ ಹಾಡುತ್ತದೆ, ಹೆಣ್ಣು ತನ್ನ ಸ್ಪರ್ಶತಂತುಗಳಿಂದ ಅದನ್ನು ಆಲಿಸುತ್ತದೆ ಎಂದು ಇಂದಿನ ವಿಜ್ಞಾನ ಹೇಳುತ್ತದೆ. ಹಾಗಾದರೆ ಶ್ರವಣೇಂದ್ರಿಯದ ಮಾತೇನು ಎಂಬುದನ್ನು ಪಂಡಿತರಿಗೆ ಬಿಡುತ್ತೇನೆ. ಇದರಿಂದ ನೊಣದ ಸ್ಥಾನ ಏರುತ್ತದೆಯೇ ಹೊರತು ಇಳಿಯುವುದಿಲ್ಲ.) ತ್ರಸ ಜೀವವನ್ನು ಸಂಕಲ್ಪಪೂರ್ವಕವಾಗಿ ಕೊಲ್ಲಬಾರದೆಂಬುದು ಶ್ರಾವಕನ ಮೊದಲ ಅಣುವ್ರತ. ಅಡುಗೆ, ಬೇಸಾಯಗಳಲ್ಲಿ ಆಗಿಹೋಗುವ ಹಿಂಸೆಯ ಸಾಲಿಗೆ ಪ್ರಯೋಗಶಾಲೆಯ ಹಿಂಸೆ ಸೇರಲಾರದು. ಅಲ್ಲಿ ನೊಣವನ್ನು ಹುಟ್ಟಿಸುವುದೂ ಕೊಲ್ಲುವುದೂ ಉದ್ದೇಶಪೂರ್ವಕವೇ.

ವಿಜ್ಞಾನಿಗಳನ್ನು ನಿರ್ದಯರೆಂದು ಕರೆಯುವುದು ನನ್ನ ಉದ್ದೇಶವಲ್ಲ. ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಆಂಗ್ಲ ವಿದ್ವಾಂಸರು 1959ರಲ್ಲಿಯೇ, ಸಾಧ್ಯವಾದಲ್ಲಿ ಪ್ರಾಣಿಗೆ ಬದಲಿಯನ್ನು ಹುಡುಕಿರಿ, ಸಂಖ್ಯೆಯನ್ನು ಇಳಿಸಿರಿ, ನೋವನ್ನು ತಗ್ಗಿಸಿರಿ ಎಂದು ಬೋಧಿಸಿದರು. ಇಲಿಯ ಬದಲಿಗೆ ನೊಣವನ್ನು ಬಳಸುವವರು ತಾವು ಈ ಬೋಧೆಯನ್ನೇ ಪಾಲಿಸುತ್ತಿದ್ದೇವೆಂದು ನಂಬಿದ್ದಾರೆ. ಇದನ್ನು ನಾವು ಸುಲಭವಾಗಿ ತಳ್ಳಿಹಾಕಲಾಗದು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ, ಬಹಳ ಸಣ್ಣ ಜೀವಗಳನ್ನು ಕೊಲ್ಲುವುದಕ್ಕಿಂತ ಒಂದು ದೊಡ್ಡ ಪ್ರಾಣಿಯನ್ನು ಕೊಲ್ಲುವುದೇ ಲೇಸೆಂಬ ವಾದವನ್ನು ಖಂಡಿಸಿ, ಜೀವಗಳಲ್ಲಿ ತಾರತಮ್ಯವುಂಟೆಂದು ಒಪ್ಪಿದ್ದಾರೆ. ಆದರೆ ಅದರ ಬೆನ್ನಿಗೇ, ಹಲವರ ರಕ್ಷಣೆಗಾಗಿ ಒಂದು ಹಿಂಸ್ರ ಜೀವವನ್ನು ಕೊಲ್ಲಬಹುದೆಂಬ ವಾದವನ್ನೂ ಅವರು ಒಪ್ಪುವುದಿಲ್ಲ. ಹುಲಿ, ಹಾವುಗಳಿಗೆ ಸಲ್ಲದ ಈ ವಾದ, ಯಾರಿಗೂ ಕೇಡು ಮಾಡದ ನೊಣಕ್ಕೆ ಹೇಗೆ ಸಂದೀತು?

ಸ್ಥೂಲಕಾಯದ ವಿಷಯದಲ್ಲಿ ಮತ್ತೊಂದು ತೊಡಕಿದೆ. ಹೊಟ್ಟೆ ತುಂಬುವ ಮೊದಲೇ ಕೈ ತೊಳೆಯುವ ಅವಮೌದರ್ಯವನ್ನು ಬಾಹ್ಯ ತಪಸ್ಸುಗಳಲ್ಲಿ ಎರಡನೆಯದಾಗಿ ಎಣಿಸಿದವರು ನಾವು. ನಾಲಿಗೆಯನ್ನು ಹಿಡಿತದಲ್ಲಿಟ್ಟರೆ ತೀರುವ ಕಾಯಿಲೆಗೆ ನೊಣವನ್ನೇಕೆ ಅರೆಯಬೇಕು ಎಂದು ಕೇಳಲು ನನಗೂ ಆಸೆಯಾಯಿತು. ಆದರೆ ಅದು ಪೂರ್ತಿ ಸತ್ಯವಲ್ಲ. ಮೈಯ ಕೊಬ್ಬು ಸೇರುವುದು ತಿನ್ನುವುದರಿಂದ ಮಾತ್ರವಲ್ಲ. ತಂದೆತಾಯಿಗಳಿಂದ ಬಂದ ಗುಣವೂ ನಿದ್ರೆಯ ಕೊರತೆಯೂ ಕಾರಣವೆಂದು ತಿಳಿದಿದ್ದೇವೆ. ಮಿತವಾಗಿ ಉಂಡೂ ಮೈ ಬಂದ ಮಗುವಿನ ತಾಯಿಗೆ ಅವಮೌದರ್ಯದ ಉಪದೇಶ ಮಾಡುವುದು ದಯೆಯಲ್ಲ. ನಮ್ಮ ತಾಯಿಯವರು ಬಹುಕಾಲ ಇನ್ಸುಲಿನ್ ಚುಚ್ಚಿಸಿಕೊಂಡರು. ದನ, ಹಂದಿಗಳ ಮೇದೋಜೀರಕ ಗ್ರಂಥಿಯಿಂದಲೇ ಅದನ್ನು ತೆಗೆಯುತ್ತಿದ್ದ ಕಾಲವದು. 1982ರಲ್ಲಿ ಬ್ಯಾಕ್ಟೀರಿಯಾಗಳಿಂದ ತಯಾರಿಸಿದ್ದು ಮಾರಾಟಕ್ಕೆ ಬಂದಿತು. ನಮ್ಮ ಮನೆಯಲ್ಲಿ ಯಾರೂ ಸೀಸೆಯ ಮೂಲವನ್ನು ಕೇಳಲಿಲ್ಲ. ಕೇಳಿದ್ದರೂ ಬೇಡವೆನ್ನುವ ಧೈರ್ಯ ನನಗಿರುತ್ತಿರಲಿಲ್ಲ.

ಆದುದರಿಂದ ವಿಜ್ಞಾನಿಯನ್ನು ಕಟಕಟೆಯಲ್ಲಿ ನಿಲ್ಲಿಸುವುದು ನನ್ನಿಂದಾಗದು. ನನ್ನ ಮುಂದಿದ್ದ ಪ್ರಶ್ನೆ ಚಿಕ್ಕದು: ಆ ಪ್ರಯೋಗವನ್ನು ವ್ರತದ ಸಮರ್ಥನೆಗೆ ನಾವು ಬಳಸಬಹುದೇ? ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರನ್ನೂ ನಮ್ಮ ಶಾಸ್ತ್ರ ಒಂದೇ ತಕ್ಕಡಿಯಲ್ಲಿಡುತ್ತದೆ. 1209ರಲ್ಲಿ ಜನ್ನ ಬರೆದ ಯಶೋಧರ ಚರಿತೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಮಗನಷ್ಟೇ ಅಲ್ಲ, ಕೊಡೆಂದು ಒತ್ತಾಯಿಸಿದ ತಾಯಿಯೂ ಜನ್ಮಜನ್ಮಗಳಲ್ಲಿ ಬಳಲುತ್ತಾಳೆ. ಆಗಿಹೋದ ಪ್ರಯೋಗವನ್ನು ಓದಿ ತಿಳಿಯುವುದು ಅನುಮೋದನೆಯಲ್ಲವೆಂದೇ ನನ್ನ ಭಾವನೆ. ಅದಕ್ಕೆ ಚಪ್ಪಾಳೆ ತಟ್ಟುವುದು ಬೇರೆ. ಅದಕ್ಕಿಂತ ಮುಖ್ಯವಾದುದೊಂದಿದೆ. ಸೂರ್ಯನ ಬೆಳಕಿಲ್ಲದೆ ಉಣ್ಣುವವನು, ದೀಪ ಹಚ್ಚಿದ್ದರೂ, ಅನ್ನಕ್ಕೆ ಬೀಳುವ ಸೂಕ್ಷ್ಮಜೀವಿಗಳ ಹಿಂಸೆಯಿಂದ ಪಾರಾಗಲಾರನೆಂದು ಅಮೃತಚಂದ್ರರು ಹೇಳಿದರು. ನಮ್ಮ ಹಿರಿಯರು ದೀಪದ ಬಳಿ ಸುಳಿಯುವ ನೊಣವನ್ನು ಉಳಿಸಲೆಂದು ಸಂಜೆಯ ಮೇಲಿನ ಊಟವನ್ನು ಬಿಟ್ಟರು. ಅದೇ ನೊಣದ ದೇಹವನ್ನು ಬಿಡಿಸಿ ಆ ವ್ರತಕ್ಕೆ ಸಾಕ್ಷ್ಯ ತಂದಿದ್ದೇವೆಂದು ಬಸದಿಯ ಹೊತ್ತಗೆಯಲ್ಲಿ ಬರೆಯಲು ನನ್ನ ಕೈ ಏಳಲಿಲ್ಲ.

ಟ್ರಸ್ಟಿನ ಸಭೆಯಲ್ಲಿ ಎಲ್ಲರೂ ಇದನ್ನು ಒಪ್ಪಲಿಲ್ಲ. "ವಿಜ್ಞಾನದ ಮಾತಿಲ್ಲದಿದ್ದರೆ ಇಂದಿನ ಹುಡುಗರು ಕೇಳುವುದಿಲ್ಲ ಸ್ವಾಮಿ, ರಾತ್ರಿ ಹತ್ತಕ್ಕೆ ಹೋಟೆಲಿಗೆ ಹೋಗುತ್ತಾರೆ" ಎಂದರು ಹಿರಿಯ ಧರ್ಮದರ್ಶಿಗಳೊಬ್ಬರು. ಅವರ ಮಾತಿನಲ್ಲಿ ನಿಜವಿದೆ. ನಾಳೆ ಬೇರೊಂದು ಪ್ರಯೋಗ ರಾತ್ರಿಯೂಟದಿಂದ ಹಾನಿಯಿಲ್ಲವೆಂದರೆ ಏನು ಮಾಡುವಿರಿ ಎಂದು ನಾನು ಕೇಳಿದಾಗ ಅವರು ಉತ್ತರಿಸಲಿಲ್ಲ, ಒಪ್ಪಲೂ ಇಲ್ಲ. ಕೊನೆಗೆ ಆ ಎರಡು ಪುಟಗಳನ್ನು ಬಿಟ್ಟು ಹೊತ್ತಗೆ ಅಚ್ಚಾಯಿತು. ಉಪನ್ಯಾಸ ಮಾಡಿದ ತರುಣರು ಇದರಿಂದ ನೊಂದಿದ್ದಾರೆ. ಅವರ ಮನೆಗೆ ನಾನೇ ಹೋಗಿ ಬಂದೆ.

ಸೋದರಿಯ ಮಗಳು ಓದನ್ನು ಬಿಟ್ಟಿಲ್ಲ. ಬಿಡೆಂದು ನಾನು ಹೇಳಲೂ ಇಲ್ಲ. ಪ್ರಯೋಗಶಾಲೆಯ ತಳಿಗಳನ್ನು ಹೊರಗೆ ಬಿಡುವಂತಿಲ್ಲವಾದ್ದರಿಂದ, ಹುಟ್ಟಿದ ಮೇಲೆ ಉಳಿಸುವ ದಾರಿ ಅವಳಿಗಿಲ್ಲ. ಈಗ ತನ್ನ ಪಾಲಿನ ಸೀಸೆಗಳಲ್ಲಿ ಪ್ರಯೋಗಕ್ಕೆ ಬೇಡದವನ್ನು 25 ಡಿಗ್ರಿಯಿಂದ 18 ಡಿಗ್ರಿ ಉಷ್ಣತೆಯ ಪೆಟ್ಟಿಗೆಗೆ ಸಾಗಿಸಿದ್ದಾಳೆ. ಅಲ್ಲಿ ಒಂದು ಪೀಳಿಗೆಗೆ ಹೆಚ್ಚುಕಡಿಮೆ ಇಮ್ಮಡಿ ಕಾಲ ಹಿಡಿಯುತ್ತದೆ. ತಟ್ಟಿ ಎಸೆಯಬೇಕಾದ ನೊಣಗಳು ಅಷ್ಟು ಕಡಿಮೆ ಹುಟ್ಟುತ್ತವೆ. ಎಣಿಕೆಯನ್ನೂ ಮತ್ತೆ ಆರಂಭಿಸಿದ್ದಾಳೆ.