ಬಾತು ಒಳ್ಳೇದು, ಮಿಂಕ್ ಕೆಟ್ಟದ್ದಾ?

ಐಸ್‌ಲ್ಯಾಂಡ್ ತೀರದಲ್ಲಿ ಐಡರ್ ಅನ್ನೋ ಕಡಲ ಬಾತುಕೋಳಿ ಇದೆ. ತಾಯಿ ತನ್ನ ಎದೆಯ ಮೆತ್ತನೆ ಗರಿಯನ್ನೇ ಕಿತ್ತು ಗೂಡಿಗೆ ಹಾಸಿ, ಸುಮಾರು 25 ದಿನ ಹೆಚ್ಚುಕಡಿಮೆ ಉಪವಾಸವೇ ಕೂತು ಕಾವು ಕೊಡುತ್ತೆ. ಆ ಗೂಡಿಗೆ ಮಿಂಕ್ ನುಗ್ಗುತ್ತೆ. ನಮ್ಮ ಮುಂಗುಸಿಯಂಥ ಪ್ರಾಣಿ. ಕೆಲವೊಮ್ಮೆ ತಿನ್ನೋದಕ್ಕಿಂತ ಹೆಚ್ಚೇ ಕೊಲ್ಲುತ್ತೆ.

ಇದನ್ನು ಓದಿದಾಗ ನಾನು ತಕ್ಷಣ ತೀರ್ಪು ಕೊಟ್ಟುಬಿಟ್ಟೆ: ತಾಯಿ ಒಳ್ಳೇದು, ಮಿಂಕ್ ದುಷ್ಟ. ಆದರೆ ಮಿಂಕ್ ಅಲ್ಲಿಗೆ ತಾನಾಗೇ ಬಂದದ್ದಲ್ಲ. 1931ರಲ್ಲಿ ಮನುಷ್ಯರೇ ತುಪ್ಪಳದ ಆಸೆಗೆ ತಂದು ಸಾಕಿದರು, ಅದು ತಪ್ಪಿಸಿಕೊಂಡಿತು. ಬಾತಿನ ಗರಿಯನ್ನು ಕೂಡಿಸೋದೂ ಮನುಷ್ಯರೇ. ದುಬಾರಿ ಹೊದಿಕೆಗೆ, ಕಿಲೋಗೆ ಸುಮಾರು 60 ಗೂಡು. ಒಂದರ ಚರ್ಮ ಬೇಕಿತ್ತು, ಇನ್ನೊಂದರ ಗರಿ ಬೇಕು. ಗೂಡು ಉಳಿಯಬೇಕಾದರೆ ಮಿಂಕನ್ನು ಬೇಟೆಯಾಡಲೇಬೇಕು, ಒಪ್ತೀನಿ. ಆದರೆ ಅದನ್ನು ಪಾಪಿ ಅನ್ನೋಕೆ ನನಗೆ ಬಾಯಿ ಬರ್ತಾ ಇಲ್ಲ.