ಕಥೆಯನ್ನು ಮತ್ತೆ ಹೇಳುವವನ ಹೊಣೆ

ತಿಳಿದ ಕಥೆಯನ್ನು ಮತ್ತೊಮ್ಮೆ ನೋಡಲು ಕಾದಿರುವವನು ಯಾವುದನ್ನು ಕಾಯುತ್ತಾನೆ? ಕಥೆಯ ತುದಿ ಅವನಿಗೆ ಗೊತ್ತು. ನಡುವಣ ತಿರುವುಗಳೂ ಗೊತ್ತು. ರಾಮನು ಕಾಡಿಗೆ ಹೋಗುವನೋ ಇಲ್ಲವೋ ಎಂಬ ಸಂದೇಹದಿಂದ ರಾತ್ರಿಯೆಲ್ಲ ಎದ್ದಿದ್ದು ಬಯಲಾಟವನ್ನು ನೋಡಿದವರು ನಮ್ಮ ಹಳ್ಳಿಗಳಲ್ಲಿ ಒಬ್ಬರೂ ಇರಲಾರರು. ಆದರೂ ಜನ ಕಾಯುತ್ತಾರೆ. ಈ ಸಲ ಹೇಳುವವನು ಅದನ್ನು ಹೇಗೆ ಹೇಳುವನೆಂಬ ಕುತೂಹಲವೇ ಇದಕ್ಕೆ ಕಾರಣವೆಂದು ಆಲಂಕಾರಿಕರು ಹೇಳಿ ಮುಗಿಸಿಯಾರು. ನನಗೆ ಈಚೆಗೆ ಅಷ್ಟು ಸಾಲದೆಂದು ತೋರುತ್ತಿದೆ. ಕಥೆಯೊಳಗೆ ಒಂದು ತಪ್ಪು ನಡೆದಿದ್ದರೆ, ಅದರ ಭಾರ ಯಾರ ತಲೆಯ ಮೇಲೆ ಬೀಳಬೇಕೆಂಬುದು ಪ್ರತಿಸಲವೂ ಹೇಳುವವನ ಕೈಯಲ್ಲಿರುತ್ತದೆ. ನೋಡುವವನು ಎಚ್ಚರದಿಂದ ಕಾಯಬೇಕಾದದ್ದು ಅದನ್ನು.

ಈ ಯೋಚನೆಗೆ ನಿಮಿತ್ತವಾದದ್ದು ಒಂದು ಚಲಚ್ಚಿತ್ರ. ಮೇರಿ ಶೆಲ್ಲಿ ಎಂಬ ಆಂಗ್ಲ ಲೇಖಕಿಯ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯನ್ನು ಮೆಕ್ಸಿಕೋ ದೇಶದ ನಿರ್ದೇಶಕರಾದ ಗಿಯೆರ್ಮೊ ದೆಲ್ ತೋರೊ ಅವರು ಮತ್ತೆ ಚಿತ್ರವನ್ನಾಗಿ ಮಾಡಿದ್ದಾರೆ. ಅದು 2025ರ ಆಗಸ್ಟಿನಲ್ಲಿ ವೆನಿಸ್ ನಗರದ ಉತ್ಸವದಲ್ಲಿ ಮೊದಲು ಕಾಣಿಸಿಕೊಂಡು, ನವೆಂಬರಿನಲ್ಲಿ ನೆಟ್‌ಫ್ಲಿಕ್ಸಿನ ಮೂಲಕ ಮನೆಮನೆಗೆ ಬಂದಿತು. ನಮ್ಮ ಮನೆಯ ಮಕ್ಕಳು ಅದನ್ನು ನನ್ನೊಡನೆಯೇ ಕುಳಿತು ನೋಡಬೇಕೆಂದು ಹಟಹಿಡಿದರು. ಮೂಲಗ್ರಂಥವನ್ನು ಇನ್ನೊಂದು ಸಲ ಓದುವವರೆಗೆ ತಡೆಯಿರೆಂದು ನಾನು ಬೇಡಿಕೊಂಡೆನು. ಆ ಗಡುವು ಈಗ ಮುಗಿಯುತ್ತ ಬಂದಿದೆ.

ಗ್ರಂಥವು ಹುಟ್ಟಿದ ಸಂದರ್ಭ ವಿಚಿತ್ರವಾದದ್ದು. 1815ರಲ್ಲಿ ಪೂರ್ವಸಮುದ್ರದ ಸುಂಬಾವಾ ದ್ವೀಪದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರ ಧೂಳು ಮುಗಿಲಿಗೇರಿದ್ದರಿಂದ ಮರುವರ್ಷ ಯೂರೋಪಿನಲ್ಲಿ ಬೇಸಗೆಯೇ ಬರಲಿಲ್ಲ. ಜಿನೀವಾ ಸರೋವರದ ದಡದಲ್ಲಿ ಮಳೆಗೆ ಸಿಕ್ಕಿ ಮನೆಯೊಳಗೆ ಕುಳಿತಿದ್ದ ಕವಿ ಬೈರನ್ನನು, ಒಬ್ಬೊಬ್ಬರೂ ಒಂದೊಂದು ಭೂತದ ಕಥೆಯನ್ನು ಬರೆಯೋಣವೆಂದು ಗೆಳೆಯರಿಗೆ ಸೂಚಿಸಿದನು. ಆಗ ಮೇರಿಗೆ ಹದಿನೆಂಟು ವಯಸ್ಸು. ಹೆತ್ತ ತಾಯಿ ಆಕೆ ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡಿದ್ದಳು. ಆಕೆ ತಾನು ಹೆತ್ತ ಮೊದಲ ಮಗುವನ್ನು ಹಿಂದಿನ ವರ್ಷವೇ ಕಳೆದುಕೊಂಡಿದ್ದಳು. 1818ರ ಜನವರಿಯಲ್ಲಿ ಪುಸ್ತಕವು ಮೂರು ಸಂಪುಟಗಳಾಗಿ, ಲೇಖಕಿಯ ಹೆಸರಿಲ್ಲದೆ, ಐನೂರೇ ಪ್ರತಿಗಳಲ್ಲಿ ಹೊರಬಂದಿತು. ವೈಜ್ಞಾನಿಕ ಕಾದಂಬರಿಯೆಂಬ ಜಾತಿಗೆ ಇದೇ ಮೊದಲ ಕೃತಿಯೆಂದು ಬ್ರಯನ್ ಆಲ್ಡಿಸ್ ಎಂಬ ಲೇಖಕನು 1973ರಲ್ಲಿ ವಾದಿಸಿದನು.

ಕಥೆಯನ್ನು ಕೇಳಿಬಲ್ಲವರು ನಮ್ಮಲ್ಲಿ ಇದನ್ನು ಭಸ್ಮಾಸುರನ ವೃತ್ತಾಂತಕ್ಕೆ ಹೋಲಿಸುವುದುಂಟು. ಮಾಡಬಾರದ್ದನ್ನು ಮಾಡಿದ, ಅದು ತನ್ನನ್ನೇ ಅಟ್ಟಿಸಿಕೊಂಡು ಬಂತು, ಅಷ್ಟೇ ಎಂದು ಅವರ ಭಾವ. ಗ್ರಂಥವನ್ನು ಓದಿದವರಿಗೆ ಈ ಹೋಲಿಕೆ ಒಪ್ಪುವುದಿಲ್ಲ. ವಿಕ್ಟರ್ ಫ್ರಾಂಕೆನ್‌ಸ್ಟೈನ್ ಎಂಬ ವಿದ್ಯಾರ್ಥಿಯು ಇಂಗೋಲ್‌ಸ್ಟಾಟ್ ನಗರದಲ್ಲಿ ಎರಡು ವರ್ಷ ಹಗಲಿರುಳು ದುಡಿದು, ಶವಗಳ ಅಂಗಾಂಗಗಳನ್ನು ಕೂಡಿಸಿ ಎಂಟು ಅಡಿ ಎತ್ತರದ ಒಂದು ಶರೀರಕ್ಕೆ ಜೀವ ಬರಿಸುತ್ತಾನೆ. ಅದು ಕಣ್ಣು ತೆರೆದ ಕೂಡಲೇ ಅದರ ವಿಕಾರವನ್ನು ಕಂಡು ಹೇಸಿ, ಓಡಿಹೋಗಿ ಮಲಗುತ್ತಾನೆ. ಆ ಜೀವಿಯು ಹಾಸಿಗೆಯ ಬಳಿಗೆ ಬಂದು, ಪರದೆಯನ್ನು ಸರಿಸಿ, ಏನೋ ತೊದಲುತ್ತ ಕೈಯನ್ನು ಚಾಚುತ್ತದೆ. ಹುಟ್ಟಿದ ಕೂಸು ಮಾಡುವುದೂ ಅಷ್ಟನ್ನೇ ಅಲ್ಲವೆ? ಅವನು ಮತ್ತೆ ಓಡುತ್ತಾನೆ. ಮರುದಿನ ಮನೆಗೆ ಹಿಂದಿರುಗಿ, ಕೋಣೆ ಬರಿದಾಗಿರುವುದನ್ನು ನೋಡಿ, ಸಂತೋಷದಿಂದ ಕೈತಟ್ಟುತ್ತಾನೆ. ಇಡೀ ಗ್ರಂಥದಲ್ಲಿ ನನಗೆ ಅತ್ಯಂತ ಭಯಂಕರವಾಗಿ ಕಂಡದ್ದು ಆ ಚಪ್ಪಾಳೆ. ಮುಂದೆ ನಡೆಯುವ ಕೊಲೆಗಳಲ್ಲ. ಮೇನಕೆಯು ಬಿಟ್ಟುಹೋದ ಶಿಶುವನ್ನು ಹಕ್ಕಿಗಳಾದರೂ ಸುತ್ತುವರಿದು ಕಾಯ್ದವು. ಈ ಶಿಶುವಿಗೆ ಒಂದು ಹಕ್ಕಿಯೂ ಒದಗಲಿಲ್ಲ.

ಆ ಜೀವಿಯು ಕಾಡಿನಲ್ಲಿ ಅಲೆದು, ಒಂದು ಬಡಮನೆಯ ಗೋಡೆಯ ಬಿರುಕಿನಿಂದ ಒಳಗಿನವರನ್ನು ನೋಡುತ್ತ ಮಾತು ಕಲಿಯುತ್ತದೆ, ಓದು ಕಲಿಯುತ್ತದೆ. ದಾರಿಯಲ್ಲಿ ಸಿಕ್ಕಿದ ಮೂರು ಗ್ರಂಥಗಳನ್ನು ಓದುತ್ತದೆ; ಮಿಲ್ಟನ್, ಪ್ಲುಟಾರ್ಕ್, ಗಯಟೆ ಇವರು ಅದಕ್ಕೆ ಗುರುಗಳು. ಆ ಮನೆಯ ಕುರುಡ ಮುದುಕನೊಬ್ಬನೇ ಅದನ್ನು ಮನುಷ್ಯನೆಂದು ಮಾತನಾಡಿಸಿದವನು; ಕಣ್ಣಿದ್ದವರು ಬಂದು ಹೊಡೆದು ಓಡಿಸಿದರು. ಆಮೇಲೆ ಅದು ಕೊಲೆಗಾರನಾಗುತ್ತದೆ. ಏನೂ ಅರಿಯದ ಬಾಲಕನನ್ನು ಕೊಲ್ಲುತ್ತದೆ, ನಿರಪರಾಧಿನಿಯಾದ ಸೇವಕಿಯೊಬ್ಬಳು ಆ ಕೊಲೆಗಾಗಿ ನೇಣಿಗೇರುವಂತೆ ಮಾಡುತ್ತದೆ. ಲೇಖಕಿಯು ಈ ಪಾಪವನ್ನು ಎಲ್ಲಿಯೂ ಮುಚ್ಚಿಡುವುದಿಲ್ಲ. ಆದರೆ ಪಾಪಿಗೆ ಬಾಯಿಯನ್ನು ಕೊಟ್ಟಿದ್ದಾಳೆ. ಶಾಮೋನಿಯ ಮೇಲಣ ಹಿಮದ ಬಯಲಿನಲ್ಲಿ ಜೀವಿಯು ತನ್ನನ್ನು ಮಾಡಿದವನನ್ನು ತಡೆದು, ನನಗೆ ನೀನು ಸಲ್ಲಿಸಬೇಕಾದದ್ದನ್ನು ಸಲ್ಲಿಸಿದೆಯಾ ಎಂದು ಕೇಳುತ್ತದೆ. ಇಪ್ಪತ್ತುನಾಲ್ಕು ಅಧ್ಯಾಯಗಳಲ್ಲಿ ಹನ್ನೊಂದರಿಂದ ಹದಿನಾರರವರೆಗೆ ಆರು ಅಧ್ಯಾಯಗಳು ಅದರ ಸ್ವಂತ ಮಾತು. ಗ್ರಂಥದ ನಡುವೆ ಗರ್ಭಗುಡಿಯಂತೆ ಇರುವ ಭಾಗ ಅದು.

ಇನ್ನು ಇದನ್ನು ಮತ್ತೆ ಹೇಳಿದವರು ಮಾಡಿದ್ದೇನು? 1823ರಲ್ಲಿ ಲಂಡನ್ನಿನಲ್ಲಿ ಪೀಕ್ ಎಂಬವನು ಇದನ್ನು ನಾಟಕವಾಗಿ ಆಡಿಸಿದನು. ಮೇರಿಯೇ ಹೋಗಿ ನೋಡಿದಳು. ಪಾತ್ರಗಳ ಪಟ್ಟಿಯಲ್ಲಿ ಆ ಜೀವಿಯ ಹೆಸರಿರಬೇಕಾದ ಕಡೆ ಬರಿಯ ಗೆರೆಗಳಿದ್ದುದನ್ನು ಕಂಡು ಮೆಚ್ಚಿಕೊಂಡಳಂತೆ. ಆದರೆ ಆ ನಾಟಕದಲ್ಲಿ ಜೀವಿಯು ಮೂಕ. ಮೊಕದ್ದಮೆಯಲ್ಲಿ ವಾದಿಯ ನಾಲಗೆಯನ್ನೇ ಕತ್ತರಿಸಿದ ಮೇಲೆ ತೀರ್ಪು ಯಾರ ಕಡೆಗೆ ಆಗುವುದು? 1931ರಲ್ಲಿ ಜೇಮ್ಸ್ ವೇಲ್ ಎಂಬ ನಿರ್ದೇಶಕನು ಮಾಡಿದ ಪ್ರಸಿದ್ಧ ಚಿತ್ರದಲ್ಲಿಯೂ ಅದು ಮೂಕವೇ. ಅಷ್ಟೇ ಅಲ್ಲ, ಗ್ರಂಥದಲ್ಲಿ ಎಲ್ಲಿಯೂ ಇಲ್ಲದ ಒಂದು ಪ್ರಸಂಗವನ್ನು ಅಲ್ಲಿ ಸೇರಿಸಿದರು. ಸೇವಕನು ಒಳ್ಳೆಯ ಮೆದುಳನ್ನು ಕದಿಯಲು ಹೋಗಿ, ಆ ಗಾಜಿನ ಭರಣಿಯನ್ನು ಕೆಡವಿ ಒಡೆದು, ಪಕ್ಕದಲ್ಲಿದ್ದ ಅಪರಾಧಿಯೊಬ್ಬನ ಕೆಟ್ಟ ಮೆದುಳನ್ನು ತರುತ್ತಾನೆ. ಯಜಮಾನನು ಅದನ್ನು ತಿಳಿಯದೆ ಜೋಡಿಸುತ್ತಾನೆ. ಒಂದು ಭರಣಿ ಒಡೆದದ್ದರಿಂದ ಮೇರಿಯ ಪ್ರಶ್ನೆಯೇ ಒಡೆದುಹೋಯಿತು. ಜೀವಿಯು ಕೆಟ್ಟದ್ದಾದದ್ದು ಅದರ ತಲೆ ಕೆಟ್ಟದ್ದಾಗಿದ್ದರಿಂದ. ತಂದೆಯಾದವನು ಬಿಟ್ಟು ಓಡಿದ್ದರಿಂದ ಅಲ್ಲ.

ಇದನ್ನು ಖಂಡಿಸಲು ಲೇಖನಿಯನ್ನು ಹಿಡಿದಾಗ ನನ್ನ ಕೈಯೇ ತಡೆಯಿತು. ಇದೇ ಉಪಾಯವನ್ನು ನಮ್ಮ ಕವಿಕುಲಗುರುವು ಮಾಡಿಲ್ಲವೆ? ಮಹಾಭಾರತದ ಆದಿಪರ್ವದಲ್ಲಿ ದುಷ್ಯಂತನು ಎಲ್ಲವನ್ನೂ ನೆನಪಿಟ್ಟುಕೊಂಡೇ ಶಕುಂತಲೆಯನ್ನು ಅರಿಯೆನೆನ್ನುತ್ತಾನೆ. ಅಶರೀರವಾಣಿಯಾದ ಬಳಿಕ, ಲೋಕಾಪವಾದಕ್ಕೆ ಅಂಜಿ ಹೀಗೆ ಮಾಡಿದೆನೆಂದು ಒಪ್ಪಿಕೊಳ್ಳುತ್ತಾನೆ. ಕಾಳಿದಾಸನು ದುರ್ವಾಸನ ಶಾಪವನ್ನೂ ಉಂಗುರವನ್ನೂ ತಂದು, ರಾಜನ ಸುಳ್ಳನ್ನು ಮರೆವನ್ನಾಗಿ ಮಾಡಿದನು. ಕುಂತಕನು ಇದನ್ನೇ ಪ್ರಕರಣವಕ್ರತೆಗೆ ಉದಾಹರಣೆಯಾಗಿ ಎತ್ತಿಕೊಂಡು ಕೊಂಡಾಡುತ್ತಾನೆ. ನಾನೂ ವರ್ಷವರ್ಷವೂ ಕೊಂಡಾಡಿ ಪಾಠ ಹೇಳಿದೆನು. ಒಂದು ವರ್ಷ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು, “ತಪ್ಪು ಮಾಡಿದ್ದು ರಾಜ, ಕೆಟ್ಟ ಹೆಸರು ಋಷಿಗೆ ಯಾಕೆ ಸಾರ್?” ಎಂದು ಕೇಳಿದಳು. ನಾಯಕನು ಧೀರೋದಾತ್ತನಾಗಿರಬೇಕೆಂಬ ಲಕ್ಷಣವನ್ನು ಹೇಳಿ ಕೂರಿಸಿದೆನು. ಲಕ್ಷಣವು ಸರಿ, ಅವಳ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ.

ಇದಕ್ಕಿಂತ ಹತ್ತಿರದ ಮಾತೊಂದನ್ನು ಹೇಳಿಬಿಡುತ್ತೇನೆ. ನನ್ನ ತರಗತಿಯಲ್ಲಿ ಒಬ್ಬ ಬಾಲಕನಿದ್ದನು. ಕರಿಹಲಗೆಯ ಮೇಲೆ ಬರೆದದ್ದನ್ನು ನಕಲು ಮಾಡುವುದಕ್ಕೂ ಅವನಿಗೆ ಬಾರದು. ಅವನನ್ನು ಕಡೆಯ ಬೆಂಚಿಗೆ ಕಳುಹಿಸಿ, ಪ್ರಗತಿಪತ್ರದಲ್ಲಿ “ಮಂದಬುದ್ಧಿ, ವಿದ್ಯೆ ತಲೆಗೆ ಹತ್ತದು” ಎಂದು ನನ್ನ ಕೈಯಾರೆ ಬರೆದೆನು. ಆ ವರ್ಷವೇ ಅವನು ಶಾಲೆಯನ್ನು ಬಿಟ್ಟನು. ಎಷ್ಟೋ ವರ್ಷಗಳ ಮೇಲೆ ಬಸ್ ನಿಲ್ದಾಣದಲ್ಲಿ ಒಬ್ಬ ಗೃಹಸ್ಥನು ಬಂದು ಕಾಲಿಗೆರಗಿದನು. ಅವನ ಮುಖದ ಮೇಲೆ ದಪ್ಪನೆಯ ಕನ್ನಡಕವಿತ್ತು. ಯಾವಾಗಿನಿಂದ ಎಂದು ಕೇಳಿದೆನು. “ಶಾಲೆ ಬಿಟ್ಟ ಮೇಲೆ ಗೊತ್ತಾಯ್ತು ಮೇಷ್ಟ್ರೇ, ಹುಟ್ಟಿನಿಂದಲೇ ದೂರದ್ದು ಕಾಣ್ತಿರಲಿಲ್ಲವಂತೆ” ಎಂದು ನಗುತ್ತ ಹೇಳಿದನು. ಅವನು ನನ್ನನ್ನು ಆಕ್ಷೇಪಿಸಲಿಲ್ಲ. ನನ್ನ ಚೀಲವನ್ನು ಬಸ್ಸಿಗೆ ಏರಿಸಿಕೊಟ್ಟನು. ಕಾಣದ ಕಣ್ಣನ್ನು ಕಡೆಯ ಬೆಂಚಿಗೆ ಕಳುಹಿಸಿದವನು ನಾನು. ಆ ಭರಣಿಯ ಮೇಲೆ ‘ಕೆಟ್ಟ ಮೆದುಳು’ ಎಂದು ಚೀಟಿ ಅಂಟಿಸಿದವನ ಬರಹವು ನನ್ನ ಬರಹದಂತೆಯೇ ಇದ್ದೀತು.

ಹಾಗಿದ್ದರೂ ಕಾಳಿದಾಸನನ್ನು ಈ ಸಾಲಿನಲ್ಲಿ ಕೂರಿಸಿ ಕೈತೊಳೆದುಕೊಳ್ಳಲು ಮನಸ್ಸು ಬಾರದು. ಐದನೆಯ ಅಂಕವನ್ನು ಮತ್ತೆ ತೆರೆದು ನೋಡಿದೆನು. ಶಕುಂತಲೆಯು ಸಭೆಗೆ ಬರುವುದಕ್ಕೆ ಮುಂಚೆಯೇ ಒಳಗಿನಿಂದ ಹಂಸಪದಿಕೆಯ ಹಾಡು ಕೇಳಿಬರುತ್ತದೆ. ಒಮ್ಮೆ ಒಲಿದು ಮರೆತುಬಿಟ್ಟ ರಾಜನ ಮೇಲಿನ ದೂರು ಅದು. ಅವಳನ್ನು ಮರೆಯುವುದಕ್ಕೆ ಯಾವ ಋಷಿಯ ಶಾಪವೂ ಬೇಕಾಗಿರಲಿಲ್ಲ. ಕವಿಯು ಮುಂಬಾಗಿಲಿನಿಂದ ತಪ್ಪನ್ನು ಹೊರಗೆ ಕಳುಹಿಸಿ, ಹಿತ್ತಲ ಬಾಗಿಲಿನಿಂದ ಅದರ ನೆರಳನ್ನು ಒಳಗೆ ಬಿಟ್ಟುಕೊಂಡಿದ್ದಾನೆ. ಆ ಹುಡುಗಿಗೆ ನಾನು ಹೇಳಬಹುದಾಗಿದ್ದ ಉತ್ತರ ಇದು.

ಇದೇ ನ್ಯಾಯವನ್ನು 1931ರ ಚಿತ್ರಕ್ಕೂ ಸಲ್ಲಿಸಬೇಕು. ಮೆದುಳಿನ ಕಥೆ ಏನೇ ಹೇಳಲಿ, ಬೋರಿಸ್ ಕಾರ್ಲಾಫನ ಕೈಗಳು ಬೇರೊಂದನ್ನು ಹೇಳುತ್ತವೆ. ಕತ್ತಲೆಯಲ್ಲಿಟ್ಟಿದ್ದ ಆ ಜೀವಿಗೆ ಮೊದಲ ಸಲ ಮಾಡಿನ ಕಿಂಡಿಯನ್ನು ತೆರೆದಾಗ, ಅದು ತಲೆಯೆತ್ತಿ, ಬೀಳುವ ಬೆಳಕನ್ನು ಹಿಡಿಯಲು ಎರಡು ಕೈಗಳನ್ನೂ ಮೇಲಕ್ಕೆ ಚಾಚುತ್ತದೆ. ಕಿಂಡಿಯನ್ನು ಮುಚ್ಚಿಬಿಡುತ್ತಾರೆ. ಆಗ ಅದು ಬರಿಯ ಕೈಗಳನ್ನು ಮುಂದೆ ಮಾಡಿ ಬೇಡುತ್ತದೆ. ಮುಂದೆ ಕೆರೆಯ ದಡದಲ್ಲಿ ಪುಟ್ಟ ಹುಡುಗಿಯೊಡನೆ ಹೂಗಳನ್ನು ನೀರಿನಲ್ಲಿ ತೇಲಿಬಿಟ್ಟು ಆಡುತ್ತದೆ. ಕೈಯಲ್ಲಿನ ಹೂ ಮುಗಿದಾಗ, ಹುಡುಗಿಯೂ ತೇಲುವಳೆಂದು ಅವಳನ್ನೇ ಎತ್ತಿ ಹಾಕುತ್ತದೆ. ಮುಳುಗಿದಾಗ ಗಾಬರಿಯಾಗುತ್ತದೆ. ಇದು ಅಪರಾಧಿಯ ಮೆದುಳೆ? ನಟನು ತನ್ನ ಚಿತ್ರಕ್ಕೇ ಎದುರುಸಾಕ್ಷಿ ನುಡಿದಿದ್ದಾನೆ.

ಮೇರಿಯ ಮಾತೇ ಇನ್ನೂ ಉಳಿಯಿತು. 1831ರಲ್ಲಿ ಆಕೆ ತನ್ನ ಗ್ರಂಥವನ್ನು ತಿದ್ದಿ ಮತ್ತೆ ಅಚ್ಚುಹಾಕಿಸಿದಳು. ಅಷ್ಟು ಹೊತ್ತಿಗೆ ಪತಿ ಸಮುದ್ರದಲ್ಲಿ ಮುಳುಗಿ ಹೋಗಿದ್ದನು. ಹೆತ್ತ ನಾಲ್ವರಲ್ಲಿ ಮೂವರು ಮಕ್ಕಳು ಮಣ್ಣಾಗಿದ್ದರು. ತಿದ್ದಿದ ಪಾಠದಲ್ಲಿ ವಿಧಿಯ ಹೆಸರು ಹೆಚ್ಚಾಗಿ ಕೇಳಿಬರುತ್ತದೆ. ವಿಕ್ಟರನು ತಾನೇ ಆರಿಸಿಕೊಂಡ ದಾರಿಗಿಂತ ತನ್ನನ್ನು ಎಳೆದುಕೊಂಡು ಹೋದ ದೈವವನ್ನು ಮುಂದೆ ಮಾಡುತ್ತಾನೆ. ತಾನೇ ಹೂಡಿದ ಮೊಕದ್ದಮೆಗೆ ಲೇಖಕಿಯೇ ಒಂದಿಷ್ಟು ದುರ್ವಾಸನನ್ನು ಬೆರೆಸಿದಳೆನ್ನಬೇಕು. ಅಷ್ಟು ದುಃಖವನ್ನು ಕಂಡವಳನ್ನು ಇದಕ್ಕಾಗಿ ದೂರಲು ನನಗೆ ಧೈರ್ಯವಿಲ್ಲ. ನಮ್ಮ ಮನೆಗಳಲ್ಲಿ ಪ್ರಾರಬ್ಧವೆಂಬ ಮಾತು ಹುಟ್ಟುವುದೂ ಎಷ್ಟೋ ಸಲ ಸಾವಿನ ಮನೆಯ ಜಗಲಿಯ ಮೇಲೆಯೇ. ಆದರೆ ಆ ಮಾತನ್ನು ನೊಂದವನು ತನಗಾಗಿ ಆಡಿಕೊಂಡರೆ ಸಮಾಧಾನ. ನೋಯಿಸಿದವನು ಎದುರಿನವನ ವಿಷಯದಲ್ಲಿ ಆಡಿದರೆ ನುಣುಚಿಕೊಳ್ಳುವ ದಾರಿ.

ಹೊಸ ಚಿತ್ರವನ್ನು ನೋಡಿದವರಿಂದ ಎರಡು ಸಂಗತಿಗಳನ್ನು ಕೇಳಿದ್ದೇನೆ. ಇದರಲ್ಲಿ ಜೀವಿಯು ಮಾತನಾಡುತ್ತದೆ. ಚಿತ್ರದ ಒಂದು ಭಾಗವು ಅದರ ಬಾಯಿಂದಲೇ ನಡೆಯುತ್ತದೆ. ಕೇಳಿ ಹಿಗ್ಗಿದೆನು. ಎರಡನೆಯದು ನನ್ನನ್ನು ಕಾಡುತ್ತಿದೆ. ಮೂಲದಲ್ಲಿ ವಿಕ್ಟರನ ತಂದೆ ಅಲ್ಫಾನ್ಸನು ಮಮತೆಯೇ ಮೈತಾಳಿದವನು. ಮಗನಿಗಾಗಿ ಮರುಗಿ ಕೊನೆಗೆ ಎದೆಯೊಡೆದು ಸಾಯುವವನು. ಹೊಸ ಚಿತ್ರದಲ್ಲಿ ತಂದೆಯನ್ನು ಕಠೋರನನ್ನಾಗಿ, ಹೊಡೆದು ಪಾಠ ಹೇಳುವವನನ್ನಾಗಿ ಮಾಡಿದ್ದಾರಂತೆ. ಇದು ಇನ್ನೊಂದು ಭರಣಿಯೋ, ಅಲ್ಲವೋ?

ನಮ್ಮ ಕಾಲದವರಿಗೆ ಈ ಮಾರ್ಪಾಡು ಸಹಜವೆಂದು ತೋರುತ್ತದೆ. ಬಡಿಸಿಕೊಂಡವನು ಬಡಿಯುತ್ತಾನೆಂಬುದು ಸುಳ್ಳಲ್ಲ. ಮೇಷ್ಟರ ಕಸುಬಿನಲ್ಲಿದ್ದವನಿಗೆ ಅದು ಚೆನ್ನಾಗಿ ಗೊತ್ತು. ನನ್ನ ಬೆತ್ತವು ನನ್ನ ಗುರುಗಳ ಬೆತ್ತದ ಮೊಮ್ಮಗ. ಆದರೆ ಹೀಗೆಯೇ ಹಿಂದಕ್ಕೆ ಹೋಗುತ್ತಿದ್ದರೆ ವಿಕ್ಟರನ ತಪ್ಪು ಅವನ ತಂದೆಗೆ, ತಂದೆಯದು ಅಜ್ಜನಿಗೆ, ಕೊನೆಗೆ ಚತುರ್ಮುಖನವರೆಗೆ ಏರಿ, ಅಲ್ಲಿ ಕೇಳುವವರಿಲ್ಲದೆ ಕರಗಿಹೋಗುವುದು. ತಾರ್ಕಿಕರು ಇದನ್ನು ಅನವಸ್ಥಾದೋಷವೆನ್ನುತ್ತಾರೆ. ಕಾರಣವನ್ನು ಹೇಳುವುದು ಒಂದು, ಹೊಣೆಯನ್ನು ಇಳಿಸುವುದು ಇನ್ನೊಂದು. ಬಾಲ್ಯದಲ್ಲಿ ಪೆಟ್ಟು ತಿಂದವನು ಏಕೆ ಓಡಿದನೆಂಬುದನ್ನು ಆ ಪೆಟ್ಟು ವಿವರಿಸಬಲ್ಲುದು. ಮರುದಿನ ಬರಿಯ ಕೋಣೆಯನ್ನು ನೋಡಿ ಅವನು ತಟ್ಟಿದ ಚಪ್ಪಾಳೆ ಅವನದೇ.

ಆದ್ದರಿಂದ ನಾನು ಕಾಯುತ್ತಿರುವುದು, ಕಠೋರನಾದ ಆ ತಂದೆಯನ್ನು ತೋರಿಸಿದ ಮೇಲೆ ನಿರ್ದೇಶಕರು ಮಗನನ್ನು ಬಿಟ್ಟುಬಿಡುವರೋ, ಹಂಸಪದಿಕೆಯ ಹಾಡಿನಂಥದೊಂದನ್ನು ಎಲ್ಲಿಯಾದರೂ ಇಡುವರೋ ಎಂಬುದನ್ನು. ಮಕ್ಕಳು ಭಾನುವಾರ ಸಂಜೆಯೆಂದು ನಿಶ್ಚಯಿಸಿದ್ದಾರೆ. ಕನ್ನಡಕದ ಆ ಗೃಹಸ್ಥನು ಈಗ ನಮ್ಮ ಬೀದಿಯ ಆಚೆಯೇ ಮನೆ ಮಾಡಿಕೊಂಡಿದ್ದಾನೆ, ಅವನನ್ನೂ ಬರಹೇಳಿದ್ದೇನೆ. ಪುಸ್ತಕದಲ್ಲಿ ಒಂಬತ್ತನೆಯ ಅಧ್ಯಾಯ ಮುಗಿದಿದೆ. ಹಿಮದ ಬಯಲಿನ ಮಾತುಕತೆಯನ್ನು ಈ ರಾತ್ರಿ ಓದಬೇಕು.